ವಿದ್ಯುತ್ ಹೋಗಿ ಬಂದಾಗಲೆಲ್ಲ ಕಾಣೆಯಾಗುವ ಪ್ರಿಂಟರ್

ನಮಸ್ಕಾರ. ಬಾಗಲಕೋಟೆ ನವನಗರದ ನಿಮ್ಮ ಕಚೇರಿಯಲ್ಲಿ ವಿದ್ಯುತ್ ಹೋಗಿ ಬಂದ ಮೇಲೆ ಕಂಪ್ಯೂಟರ್ ‘ಪ್ರಿಂಟರ್ ಆಫ್‌ಲೈನ್’ ಎನ್ನುತ್ತದೆ, ಆದರೆ ಪ್ರಿಂಟರಿನ ಪರದೆಯಲ್ಲಿ ವೈಫೈ ಸರಿಯಾಗಿಯೇ ಇದೆ ಎಂದಿದ್ದೀರಿ. ಹಾಗಿದ್ದರೆ ದಯವಿಟ್ಟು ಹೊಸ ಪ್ರಿಂಟರ್ ಕೊಳ್ಳಬೇಡಿ. ಮರುಚಾಲನೆಯಾದ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಅಂಕೆಗಳು) ಕೊಡುತ್ತಿರಬೇಕು. ಕಂಪ್ಯೂಟರ್ ಮಾತ್ರ ಮನೆ ಬದಲಿಸಿದವರ ಹಳೆಯ ಬಾಗಿಲನ್ನೇ ತಟ್ಟುತ್ತಿದೆ.

ಪ್ರಿಂಟರಿನ ನೆಟ್‌ವರ್ಕ್ ಮೆನುವಿನಲ್ಲಿ ಈಗಿನ ವಿಳಾಸ ನೋಡಿ. ಅದು 169.254 ಎಂದು ಆರಂಭವಾದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. ರೂಟರ್ ಪೂರ್ತಿ ಚಾಲೂ ಆದ ಮೇಲೆ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚಿ. 192.168 ಎಂದಿದ್ದರೆ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಿಂದ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಆ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಪ್ರಿಂಟರ್ ಉತ್ತರಿಸುತ್ತದೆಯೇ ಎಂದು ಕರೆದು ನೋಡಿ. ಉತ್ತರ ಬಾರದಿದ್ದರೆ ಕಂಪ್ಯೂಟರ್, ಪ್ರಿಂಟರ್ ಎರಡೂ ಒಂದೇ ವೈಫೈನಲ್ಲಿವೆಯೇ ಪರೀಕ್ಷಿಸಿ. ಒಂದು ಗೆಸ್ಟ್ ನೆಟ್‌ವರ್ಕಿಗೆ ಸೇರಿದ್ದರೆ ಇನ್ನೊಂದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಉತ್ತರ ಬಂದರೆ ವಿಂಡೋಸಿನ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ‘ಪೋರ್ಟ್ಸ್’ ತೆರೆಯಿರಿ. ಅಲ್ಲಿ ಬೇರೆ ಅಂಕೆಗಳಿದ್ದರೆ ಕಳ್ಳ ಸಿಕ್ಕಂತೆ.

ರೂಟರಿನ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ತಯಾರಕರೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಒಂದು ಐಪಿಯನ್ನು ಕಾಯ್ದಿರಿಸಿ, ಅದನ್ನೇ ಪೋರ್ಟಿನಲ್ಲಿ ಬರೆಯಿರಿ. ಪ್ರಿಂಟರಿನಲ್ಲೇ ಸ್ಥಿರ ವಿಳಾಸ ಹಾಕಿ ಎಂದು ಕೆಲವರು ಹೇಳುತ್ತಾರೆ, ನನಗದು ಒಪ್ಪಿಗೆಯಿಲ್ಲ. ರೂಟರ್ ಅದೇ ವಿಳಾಸವನ್ನು ಯಾರದೋ ಮೊಬೈಲಿಗೆ ಕೊಟ್ಟರೆ ಎರಡೂ ಘರ್ಷಿಸಿ ಮತ್ತೆ ಗೋಳು. ಪಿಂಗ್‌ಗೆ ಏನು ಬಂತೆಂದು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.