ಕೋಟೆ ಯಾರದೋ ಕಚೇರಿಯೂ ಅವರದೇ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಮಂಗೋಲರ ದಾಳಿಯಾದ ಮೇಲೆ ಹಂಗೇರಿಯ ಶ್ರೀಮಂತರು ಕಲ್ಲಿನ ಕೋಟೆ ಕಟ್ಟಿಕೊಂಡರು, ಕೌಂಟಿಗಳು ಅವರ ಕೈಗೆ ಹೋದವು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಕೋಟೆ ಇರುವುದು ಕಾವಲಿಗೆ. ಅದರಿಂದ ಜಮೀನು, ಕಚೇರಿ ಎಲ್ಲ ಹೇಗೆ ಕೈ ಬದಲಾಯಿತು? ಬಿಡಿಸಿ ಹೇಳಿ ಸಾರ್."

ನಮಸ್ಕಾರ. ನಿಮ್ಮ ಪತ್ರ ಬಂದ ಮೇಲೆ ಆ ಲೇಖನವನ್ನು ಮತ್ತೆ ಓದಿದೆ. ತಪ್ಪು ನಮ್ಮದೇ. ಕಥೆಯನ್ನು ಮಂಗೋಲರಿಂದ ಶುರು ಮಾಡಬಾರದಿತ್ತು.

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಹಂಗೇರಿಯವರು ಅದಕ್ಕೆ 'ವಾರ್‌ಮೆಡ್ಯೆ' ಎನ್ನುತ್ತಾರೆ. 'ವಾರ್' ಅಂದರೆ ಕೋಟೆ. 11ನೇ ಶತಮಾನದ ಆರಂಭದಲ್ಲಿ ದೊರೆ ಇಶ್ತ್ವಾನ್ ಕೌಂಟಿಗಳನ್ನು ಮಾಡಿದ್ದೇ ಮಣ್ಣು-ಮರದ ಕೋಟೆಗಳ ಸುತ್ತ. ಕೋಟೆಗೊಬ್ಬ 'ಇಶ್ಪಾನ್'. ವಸೂಲಿ, ನ್ಯಾಯ, ದಂಡು ಎಲ್ಲ ಅವನದೇ. ವಸೂಲಿಯಲ್ಲಿ ಮೂರರಲ್ಲಿ ಒಂದು ಪಾಲು ಅವನಿಗೆ, ಉಳಿದದ್ದು ದೊರೆಗೆ. ಕೋಟೆಗೆ ಸೇರಿದ ಹೊಲಗದ್ದೆ ಒಂದೇ ಕಡೆ ಇರಲಿಲ್ಲ, ಊರೂರಲ್ಲಿ ಚೂರುಚೂರಾಗಿ ಹಂಚಿಹೋಗಿತ್ತು. ಇಶ್ಪಾನ್ ಬದಲಾದರೂ ಆ ಜಮೀನು ಕದಲುತ್ತಿರಲಿಲ್ಲ. ಅದು ಹುದ್ದೆಯದ್ದು, ಮನುಷ್ಯನದ್ದಲ್ಲ. ಮುಂದಿನ ಜಗಳವೆಲ್ಲ ಈ ಒಂದು ವಿಷಯಕ್ಕೇ.

ಇದನ್ನು ಕೆಡಿಸಿದವನು ದೊರೆ ಎರಡನೇ ಆಂದ್ರಾಶ್ (ಆಳ್ವಿಕೆ 1205-1235). ಕೋಟೆಯ ಜಮೀನನ್ನೇ ತನಗೆ ಬೇಕಾದವರಿಗೆ ಕೈಬಿಚ್ಚಿ ಕೊಟ್ಟ. ರಾಜನ ದಾನಕ್ಕೆ ಅಳತೆ ಇಲ್ಲದಿರುವುದೇ ಸರಿಯಾದ ಅಳತೆ ಎನ್ನುವ ಧಾಟಿ ಅವನ ದಾನಪತ್ರದಲ್ಲೇ ಇದೆ! ದೊರೆಗೆ ನೇರವಾಗಿ ದಂಡಿನ ಸೇವೆ ಮಾಡಿಕೊಂಡಿದ್ದ ಸಣ್ಣ ಹಿಡುವಳಿದಾರರು ಸುಮ್ನೆ ಕೂರಲಿಲ್ಲ. 1222ರ ಗೋಲ್ಡನ್ ಬುಲ್‌ನಲ್ಲಿ, ಅಂದರೆ ಚಿನ್ನದ ಮುದ್ರೆಯ ರಾಜಶಾಸನದಲ್ಲಿ, ಇಡೀ ಕೌಂಟಿಯನ್ನಾಗಲಿ ಹುದ್ದೆಯನ್ನಾಗಲಿ ಯಾರಿಗೂ ಶಾಶ್ವತ ಆಸ್ತಿಯಾಗಿ ಕೊಡುವುದಿಲ್ಲ ಎಂದು ಅವನ ಕೈಯಲ್ಲೇ ಬರೆಸಿಕೊಂಡರು.

ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು 1232ರ ಒಂದು ಪತ್ರ. ಜಲಾ ನದಿಯ ಎರಡೂ ದಡದ ಇಂಥ ಸಣ್ಣ ಹಿಡುವಳಿದಾರರು ಕೆಹಿದಾ ಎಂಬಲ್ಲಿ ಸೇರಿ ಬರೆಸಿದ್ದು. ಬಲಾಢ್ಯರ ಕಾಟ ತಡೆಯಲಾಗುತ್ತಿಲ್ಲ, ನ್ಯಾಯ ಸಿಗುತ್ತಿಲ್ಲ, ನಮ್ಮ ಸೀಮೆಯ ತೀರ್ಪನ್ನು ನಾವೇ ಕೊಡಲು ದೊರೆ ಅಪ್ಪಣೆ ಮಾಡಲಿ ಎನ್ನುವುದು ಅವರ ಅಹವಾಲು. ಅದೇ ಪತ್ರದಲ್ಲಿ ಅವರು ವಿಚಾರಿಸಿದ ಒಂದು ವ್ಯಾಜ್ಯವೂ ಇದೆ. ವೆಸ್ಪ್ರೇಮ್‌ನ ಬಿಷಪ್‌ಗೂ ಒಬ್ಬ ದೊಡ್ಡ ಧಣಿಗೂ ಜಮೀನಿನ ತಕರಾರು. ದೊರೆಯ ಕೌಂಟಿ ಮೆಲ್ಲಗೆ ಊರಿನವರ ಕೌಂಟಿಯಾಗುತ್ತಿತ್ತು, ಅಲ್ವಾ?

ಆಂದ್ರಾಶನ ಮಗ ನಾಲ್ಕನೇ ಬೇಲಾ ಅಪ್ಪ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳಲು ಹೊರಟ. ತನ್ನೆದುರು ಶ್ರೀಮಂತರು ಕೂರಬಾರದು ಎಂದು ಅವರ ಕುರ್ಚಿಗಳನ್ನೇ ಸುಡಿಸಿದನಂತೆ. ಆಮೇಲೆ 1241, ಮಂಗೋಲರ ಕೈಲಿ ಬೇಲಾ ಸೋತ ಮುಹಿ ಯುದ್ಧ. ಮಂಗೋಲರ ಎದುರು ಮಣ್ಣಿನ ಕೋಟೆಗಳು ನಿಲ್ಲಲಿಲ್ಲ. ಎಸ್ತೆರ್ಗೋಮ್‌ನ ಒಳಕೋಟೆಯಂಥ ಕಲ್ಲಿನವು ನಿಂತವು. ಕುರ್ಚಿ ಸುಟ್ಟ ಅದೇ ಬೇಲಾ ಈಗ ಕೋಟೆ ಕಟ್ಟುವ ಧಣಿಗಳಿಗೆ ತಾನೇ ಜಮೀನು ಕೊಡತೊಡಗಿದ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೋಟೆಗೆ ಕಾವಲುಗಾರರು ಬೇಕು, ಅವರಿಗೆ ಅನ್ನ ಬೇಕು, ಅನ್ನಕ್ಕೆ ಊರುಗಳು ಬೇಕು. ಹಾಗಾಗಿ ಬೆಟ್ಟದ ಮೇಲೆ ಗೋಡೆ ಎದ್ದಂತೆ ಕೆಳಗಿನ ಹಳ್ಳಿಗಳೆಲ್ಲ ಒಂದೇ ಜಹಗೀರಿಗೆ ಸೇರುತ್ತಾ ಹೋದವು. ಅಕ್ಕಪಕ್ಕದ ಸಣ್ಣ ಹಿಡುವಳಿದಾರ ರಕ್ಷಣೆಗೆಂದು ಧಣಿಯ ಚಾಕರಿಗೆ ಸೇರಿದ. ಧಣಿಗೆ ಇಶ್ಪಾನ್ ಹುದ್ದೆ ಸಿಕ್ಕರೆ ಕೌಂಟಿಯ ಕೆಲಸ ನೋಡಿಕೊಳ್ಳುವ ಉಪ ಇಶ್ಪಾನ್ ಅವನ ಮನೆಯಾಳೇ. ಅವನ ಜೊತೆ ತೀರ್ಪಿಗೆ ಕೂರುತ್ತಿದ್ದ 'ಸೊಲ್ಗಬೀರೋ'ಗಳು ಊರಿನವರು ಆರಿಸಿದವರು, ನಿಜ. ಆದರೆ ಅವರಲ್ಲೂ ಧಣಿಯ ಉಪ್ಪು ತಿಂದವರು ಇರುತ್ತಿದ್ದರು. ಕಚೇರಿಯನ್ನು ಯಾರೂ ಲೂಟಿ ಮಾಡಬೇಕಾಗಿರಲಿಲ್ಲ.

ಇದು ಅತಿರೇಕಕ್ಕೆ ಹೋದದ್ದು ಮಾಟೆ ಚಾಕ್ ಎಂಬ ದೊಡ್ಡ ಧಣಿಯ ಕಾಲದಲ್ಲಿ. ವಾಹ್ ನದಿಯ ದಡದ ಟ್ರೆಂಚಿನ್ ಕೋಟೆಯಲ್ಲಿ ಕೂತು ಹತ್ತಾರು ಕೋಟೆ, ಹಲವು ಕೌಂಟಿಗಳನ್ನು ದೊರೆಯ ಹಾಗೆಯೇ ಆಳಿದ. ದೊರೆ ಒಂದನೇ ಚಾರ್ಲ್ಸ್ 1312ರಲ್ಲಿ ರೋಜ್‌ಗೋನಿಯಲ್ಲಿ ಧಣಿಗಳ ದಂಡಿನ ಎದುರು ಗೆದ್ದರೂ ಇವನ ಸೀಮೆ ದಕ್ಕಲಿಲ್ಲ. 1321ರಲ್ಲಿ ಚಾಕ್ ಸತ್ತ ಮೇಲೆಯೇ ದಕ್ಕಿದ್ದು. ಆಮೇಲೆ ಚಾರ್ಲ್ಸ್ ದೊಡ್ಡ ಕೋಟೆ, ಅದರ ಜಮೀನನ್ನು ಮತ್ತೆ ಹುದ್ದೆಗೆ ಕಟ್ಟಿಹಾಕಿದ. ಹುದ್ದೆ ಹೋದರೆ ಕೋಟೆಯೂ ಹೋಯಿತು. ಆದರೆ ಈ ಏರ್ಪಾಡು ಜಾಸ್ತಿ ಕಾಲ ಬಾಳಲಿಲ್ಲ. ದೊರೆ ಸಿಗಿಸ್ಮಂಡ್ (ಆಳ್ವಿಕೆ 1387-1437) ಬಹಳಷ್ಟು ಕೋಟೆಗಳನ್ನು ಮತ್ತೆ ಹಂಚಿಬಿಟ್ಟ. 1453ರಲ್ಲಿ ದಂಡನಾಯಕ ಯಾನೋಶ್ ಹುನ್ಯಾದಿ ಬೆಸ್ಟೆರ್ಟ್ಸೆ ಸೀಮೆಯ 'ಶಾಶ್ವತ ಇಶ್ಪಾನ್' ಆದ. ಹುದ್ದೆಯನ್ನು ಶಾಶ್ವತವಾಗಿ ಕೊಡುವುದಿಲ್ಲ ಎಂಬ 1222ರ ಮಾತು ಅಲ್ಲಿಗೆ ಮುಗಿಯಿತು.

ಜಮೀನಿನ ವಿಚಾರಕ್ಕೆ ಬಂದರೆ 1351 ಮುಖ್ಯ. ಗಂಡುಮಕ್ಕಳಿಲ್ಲದವನು ತನ್ನ ಜಮೀನನ್ನು ಇಷ್ಟ ಬಂದವರಿಗೆ ಬರೆದುಕೊಡುವ ಹಾಗಿಲ್ಲ, ಅದು ದಾಯಾದಿಗಳಿಗೆ, ಅವರೂ ಇಲ್ಲದಿದ್ದರೆ ದೊರೆಗೆ ಎಂದು ದೊರೆ ಲಾಯೋಶ್ ಕಾನೂನು ಮಾಡಿದ. 1848ರವರೆಗೂ ಜಮೀನು ಮನೆತನದ ಹೊರಗೆ ಹೋಗುವುದು ಕಷ್ಟವಾಯಿತು. ಉಳುವವನ ಗತಿ ಏನಾಯಿತು ಎನ್ನುವುದಕ್ಕೆ 'ಯೊಬ್ಬಾಡ್ಯ್' ಎಂಬ ಒಂದೇ ಪದ ಸಾಕು. ಮೊದಲು ಅದಕ್ಕೆ ದೊರೆಯ ದೊಡ್ಡ ಮನುಷ್ಯ, ಕೋಟೆಯ ಯೋಧ ಎಂಬ ಅರ್ಥ ಇತ್ತು. ಕೊನೆಗೆ ಉಳಿದದ್ದು ಧಣಿಯ ಹೊಲದ ಒಕ್ಕಲು ಎಂದು.

ಇನ್ನೊಂದು ತಿದ್ದುಪಡಿ. ಲೇಖನದ ಫೋಟೋ ಕೆಳಗೆ 'ಹಂಗೇರಿಯ ಟ್ರೆಂಚಿನ್ ಕೋಟೆ' ಎಂದು ಹಾಕಿದ್ದೆವು. ಆ ಊರು ಈಗ ಸ್ಲೊವಾಕಿಯಾದಲ್ಲಿದೆ.

— ಸಂಪಾದಕ