ಬಿಡದಿಯ ಕಾರೋ, ಗುಜರಾತಿನ ಕಾರೋ? – ವಾಹನ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಲ್ಹಾಪುರದಲ್ಲಿ ಬಳಸಿದ ಕಾರುಗಳ ವ್ಯಾಪಾರಿಯೊಬ್ಬರ ಬಳಿ 2019ರ ಟೊಯೋಟ ಗ್ಲಾಂಝಾ ನೋಡಿ ಬಂದಿದ್ದೇನೆ. ಇದು ಬಿಡದಿಯಲ್ಲಿ ತಯಾರಾದ ಗಾಡಿ, ಹಾಗಾಗಿ ಅದೇ ವರ್ಷದ ಮಾರುತಿ ಸುಝುಕಿ ಬಲೆನೊಗಿಂತ 40 ಸಾವಿರ ರೂಪಾಯಿ ಹೆಚ್ಚು ಎಂದು ಅವರು ಹೇಳುತ್ತಾರೆ. ನಂಬರ್ ಪ್ಲೇಟು ಎಂಎಚ್ 09ರದು. ಕಾರು ನಿಜಕ್ಕೂ ಎಲ್ಲಿ ತಯಾರಾಗಿದೆ ಎಂಬುದನ್ನು ತಿಳಿಯುವುದು ಹೇಗೆ?
– ಓದುಗರೊಬ್ಬರು, ಅನಗೋಳ, ಬೆಳಗಾವಿ

ಉತ್ತರ: ಆ 40 ಸಾವಿರವನ್ನು ಕೊಡಬೇಡಿ. ಗ್ಲಾಂಝಾ ಬಿಡದಿಯ ಕಾರಲ್ಲ. ಟೊಯೋಟ ಮತ್ತು ಸುಝುಕಿ ಕಂಪನಿಗಳ ನಡುವಿನ ಒಪ್ಪಂದದಂತೆ, ಸುಝುಕಿಯ ಕಾರ್ಖಾನೆಯಲ್ಲಿ ತಯಾರಾದ ಬಲೆನೊ ಕಾರೇ ಮುಂಭಾಗದ ಜಾಲರಿ, ಲಾಂಛನ ಮುಂತಾದ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ 2019ರ ಜೂನ್‌ನಿಂದ ಗ್ಲಾಂಝಾ ಎಂಬ ಹೆಸರಿನಲ್ಲಿ ಟೊಯೋಟ ಮಳಿಗೆಗಳಲ್ಲಿ ಮಾರಾಟವಾಗುತ್ತಿದೆ. ಗುಜರಾತಿನ ಹನ್ಸಲ್‌ಪುರದಲ್ಲಿರುವ ಸುಝುಕಿ ಕಾರ್ಖಾನೆ 2017ರಲ್ಲಿ ಉತ್ಪಾದನೆ ಆರಂಭಿಸಿದ್ದೇ ಬಲೆನೊದಿಂದ. ರಾಮನಗರದ ಬಳಿಯ ಬಿಡದಿಯಲ್ಲಿ ಟೊಯೋಟ ತಯಾರಿಸುವುದು ಇನೊವಾ, ಫಾರ್ಚುನರ್‌ಗಳಂಥ ಗಾಡಿಗಳನ್ನು. ಸ್ವಾರಸ್ಯವೆಂದರೆ, 2022ರಲ್ಲಿ ಮಾರುತಿಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಗ್ರ್ಯಾಂಡ್ ವಿಟಾರಾ ತಯಾರಾದದ್ದು ಅದೇ ಬಿಡದಿಯಲ್ಲಿ! ಬಾನೆಟ್ಟಿನ ಮೇಲಿನ ಲಾಂಛನವು ಕಾರನ್ನು ಮಾರಿದವರು ಯಾರು ಎಂಬುದನ್ನು ಹೇಳುತ್ತದೆಯೇ ಹೊರತು, ಅದು ಎಲ್ಲಿ ತಯಾರಾಯಿತು ಎಂಬುದನ್ನಲ್ಲ.

ನಂಬರ್ ಪ್ಲೇಟಿನಿಂದಲೂ ಇದು ತಿಳಿಯುವುದಿಲ್ಲ. ಎಂಎಚ್ 09 ಎಂದರೆ ಕೊಲ್ಹಾಪುರದ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾಗಿದೆ ಎಂದಷ್ಟೇ ಅರ್ಥ. ನೀವು ಕೊಂಡು ತಂದು ಕರ್ನಾಟಕದ ತೆರಿಗೆ ಕಟ್ಟಿದ ಮೇಲೆ ಅದೇ ಕಾರಿಗೆ ಕೆಎ 22 ಬರುತ್ತದೆ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ತಯಾರಕರ ಹೆಸರು, ತಯಾರಾದ ತಿಂಗಳು ಮತ್ತು ವರ್ಷ, ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ ಇರುತ್ತವೆ, ಆದರೆ ಕಾರ್ಖಾನೆಯ ಊರು ಇರುವುದಿಲ್ಲ.

ಉಳಿದಿರುವುದು 17 ಅಂಕಿ-ಅಕ್ಷರಗಳ ಚಾಸಿಸ್ ಸಂಖ್ಯೆ. ಇದನ್ನು ಕಾರಿನ ಲೋಹದ ಮೇಲೆಯೇ ಅಚ್ಚೊತ್ತಿರುತ್ತಾರೆ: ಕೆಲವು ಮಾದರಿಗಳಲ್ಲಿ ಬಾನೆಟ್ ಎತ್ತಿದಾಗ ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ, ಇನ್ನು ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗೆ ಮ್ಯಾಟಿನಲ್ಲಿ ಕತ್ತರಿಸಿಟ್ಟ ಪುಟ್ಟ ಮುಚ್ಚಳವನ್ನು ಎತ್ತಿದರೆ ಕಾಣುವಂತೆ. ಧೂಳು ಒರೆಸಿ, ಮೇಲೆ ತೆಳು ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಸಂಖ್ಯೆ ಕಾಗದಕ್ಕೆ ಇಳಿಯುತ್ತದೆ. ಆರ್‌ಟಿಒ ಏಜೆಂಟರು ದಿನವೂ ಮಾಡುವ ಈ ಪೆನ್ಸಿಲ್ ಪ್ರಿಂಟನ್ನು ನೀವೇ ತೆಗೆದು, ಆರ್‌ಸಿಯೊಡನೆ ಅಕ್ಷರ ಅಕ್ಷರ ಹೋಲಿಸಿ ನೋಡಿ. 1, 0 ಅಂಕಿಗಳೊಡನೆ ಗೊಂದಲವಾಗದಿರಲೆಂದು ಈ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ. ಅವು ಕಂಡರೆ ಬರೆದುಕೊಂಡವರು ತಪ್ಪಿದ್ದಾರೆ, ಇಲ್ಲವೇ ಯಾರೋ ಕೈಯಾಡಿಸಿದ್ದಾರೆ ಎಂದು ತಿಳಿಯಬೇಕು.

ಮೊದಲ ಮೂರು ಅಕ್ಷರಗಳು ತಯಾರಕರ ಗುರುತು, ಅದರಲ್ಲಿ ಮೊದಲ ಎರಡರಿಂದ ದೇಶ ತಿಳಿಯುತ್ತದೆ. ಎಂಎ3 ಎಂದಿದ್ದರೆ ಮಾರುತಿ ಸುಝುಕಿ, ಎಂಎಟಿ ಎಂದರೆ ಟಾಟಾ, ಎಂಎ1 ಮಹೀಂದ್ರ, ಎಂಎಎಲ್ ಹ್ಯುಂಡೈ, ಎಂಬಿಜೆ ಟೊಯೋಟ ಕಿರ್ಲೋಸ್ಕರ್, ಎಂಝಡ್‌ಬಿ ಕಿಯಾ. ಮೊದಲ ಅಕ್ಷರ ಜೆ ಆಗಿದ್ದರೆ ಕಾರು ಜಪಾನಿನದು, ಡಬ್ಲ್ಯೂ ಆಗಿದ್ದರೆ ಜರ್ಮನಿಯದು. ಎಂ ಕಂಡ ಕೂಡಲೇ ಭಾರತ ಎಂದು ತೀರ್ಮಾನಿಸಬಾರದು, ಎಂಆರ್ ಎಂದಿದ್ದರೆ ಆ ಕಾರು ಥಾಯ್ಲೆಂಡಿನದು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಇಲ್ಲಿ ಜೋಡಿಸುವ ಕೆಲವು ದುಬಾರಿ ಕಾರುಗಳ ಸಂಖ್ಯೆ ವಿದೇಶದ ಅಕ್ಷರದಿಂದಲೇ ಆರಂಭವಾಗುವುದೂ ಉಂಟು.

ದೇಶ ಮತ್ತು ಕಂಪನಿ ತಿಳಿದ ಮೇಲೆ ಊರಿನ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ನಿಯಮದಂತೆ ಹತ್ತನೆಯ ಸ್ಥಾನ ಮಾದರಿ ವರ್ಷವನ್ನೂ ಹನ್ನೊಂದನೆಯದು ಕಾರ್ಖಾನೆಯನ್ನೂ ಸೂಚಿಸಬೇಕು. ನಮ್ಮಲ್ಲಿ ಹಲವು ಕಂಪನಿಗಳು ಹತ್ತನೆಯ ಸ್ಥಾನದ ಪದ್ಧತಿಯನ್ನು ಪಾಲಿಸುತ್ತವೆ (ಕೆ ಎಂದರೆ 2019, ಎಲ್ ಎಂದರೆ 2020), ಆದರೆ ಹನ್ನೊಂದನೆಯ ಸ್ಥಾನದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಸಂಖ್ಯೆಯನ್ನು ಬಿಡಿಸಿ ಹೇಳುತ್ತೇವೆನ್ನುವ ಅಂತರ್ಜಾಲದ ಪುಟಗಳು ಬಹುಮಟ್ಟಿಗೆ ಅಮೆರಿಕದ ಲೆಕ್ಕವನ್ನೇ ನಮ್ಮ ಕಾರಿಗೂ ಹಚ್ಚುತ್ತವೆ. ಊರಿನ ಹೆಸರಿನ ಮಟ್ಟಿಗೆ ಅವನ್ನು ನಂಬುವುದು ಬೇಡ. 17 ಅಂಕಿ-ಅಕ್ಷರಗಳನ್ನೂ ಬರೆದು ಕಂಪನಿಯ ಗ್ರಾಹಕ ವಿಭಾಗವನ್ನು ಇ-ಮೇಲ್ ಮೂಲಕ ಕೇಳುವುದೇ ಸರಿಯಾದ ದಾರಿ.

ಬಳಸಿದ ಕಾರು ಕೊಳ್ಳುವಾಗ ಊರಿಗಿಂತ ತಯಾರಾದ ತಿಂಗಳೇ ಮುಖ್ಯ. ಡಿಸೆಂಬರಿನಲ್ಲಿ ತಯಾರಾಗಿ ಮುಂದಿನ ವರ್ಷ ನೋಂದಣಿಯಾದ ಕಾರನ್ನು ವ್ಯಾಪಾರಿಗಳು ನೋಂದಣಿಯ ವರ್ಷದ ಲೆಕ್ಕದಲ್ಲಿ ಮಾರುತ್ತಾರೆ. ಬೆಲೆಯ ಚೌಕಾಸಿ ಮಾಡುವುದಿದ್ದರೆ ಆರ್‌ಸಿಯಲ್ಲಿ ತಯಾರಾದ ತಿಂಗಳಿರುವ ಸಾಲನ್ನು ಅವರ ಮುಂದಿಡಿ.

ಪ್ರಶ್ನೆ: ನನ್ನ ಕಾರಿನ ಗಾಜಿನ ಮೇಲೆ ಒಂದು ದೇಶದ ಹೆಸರು, ಎಂಜಿನ್ ಪಕ್ಕದ ಬಿಡಿಭಾಗವೊಂದರ ಮೇಲೆ ಇನ್ನೊಂದು ದೇಶದ ಹೆಸರು ಇದೆ. ಹಾಗಾದರೆ ಕಾರು ಯಾವ ದೇಶದ್ದು?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಅವು ಆ ಗಾಜಿನ, ಆ ಬಿಡಿಭಾಗದ ಗುರುತುಗಳು, ಇಡೀ ಕಾರಿಗೆ ಅನ್ವಯಿಸುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ದ ಭಾಗಗಳು ಬೇರೆ ಬೇರೆ ಊರುಗಳ ವಾಹನಗಳನ್ನು ಸೇರುತ್ತವೆ, ಅಷ್ಟರಿಂದ ಆ ವಾಹನಗಳು ಬೆಳಗಾವಿಯವು ಆಗುವುದಿಲ್ಲ. ಕಾರಿನ ದೇಶ ಬೇಕಿದ್ದರೆ ಮೇಲೆ ಹೇಳಿದಂತೆ ಚಾಸಿಸ್ ಸಂಖ್ಯೆಯ ಮೊದಲ ಅಕ್ಷರಗಳನ್ನೇ ನೋಡಿ.

ಪ್ರಶ್ನೆ: ನನ್ನದು 2017ರ ಫೋರ್ಡ್ ಇಕೋಸ್ಪೋರ್ಟ್. ಕಂಪನಿ ಭಾರತದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿದೆ. ತಯಾರಾದ ಊರನ್ನು ಈಗ ಯಾರಿಂದ ತಿಳಿಯುವುದು?
– ಓದುಗರೊಬ್ಬರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಯಾರನ್ನೂ ಕೇಳಬೇಕಾಗಿಲ್ಲ, ಮಾದರಿಯ ಹೆಸರಿನಲ್ಲೇ ಉತ್ತರವಿದೆ. ಫೋರ್ಡ್ ಕಂಪನಿಗೆ ಇಲ್ಲಿ ಎರಡು ಕಾರ್ಖಾನೆಗಳಿದ್ದವು. ಇಕೋಸ್ಪೋರ್ಟ್ ಮತ್ತು ಎಂಡೀವರ್ ಚೆನ್ನೈ ಬಳಿಯ ಮರೈಮಲೈ ನಗರದಲ್ಲಿ ತಯಾರಾದರೆ, 2015ರಲ್ಲಿ ಬಂದ ಹೊಸ ಫಿಗೊ ಮತ್ತು ಆಸ್ಪೈರ್ ಗುಜರಾತಿನ ಸಾಣಂದದಲ್ಲಿ ತಯಾರಾದವು. ನಿಮ್ಮ ಚಾಸಿಸ್ ಸಂಖ್ಯೆ ಎಂಎಜೆ ಎಂದು ಆರಂಭವಾಗಬೇಕು. ಕಂಪನಿ 2021ರಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಪ್ರಕಟಿಸಿದಾಗಲೇ ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿಯುವುದೆಂದು ಹೇಳಿತ್ತು. ಬಿಡಿಭಾಗ ತರಿಸುವಾಗ ಮಾದರಿಯ ಹೆಸರನ್ನಷ್ಟೇ ಹೇಳದೆ 17 ಅಂಕಿ-ಅಕ್ಷರಗಳನ್ನೂ ಕೊಡಿ. 2017ರ ಕೊನೆಯಲ್ಲಿ ಇಕೋಸ್ಪೋರ್ಟಿನ ಪೆಟ್ರೋಲ್ ಎಂಜಿನ್ ಬದಲಾಗಿದ್ದು, ಅದಕ್ಕೂ ಮೊದಲಿನ ಆ ಎಂಜಿನ್ನಿನ ಭಾಗಗಳು ನಂತರದ್ದಕ್ಕೆ ಹೊಂದುವುದಿಲ್ಲ.