ಓದೋಕೆ ಬರುತ್ತೆ, ಅರ್ಥ ಆಗಲ್ಲ: ಅರೇಬಿಕ್ ಓದುತ್ತಿದ್ದ ಹುಡುಗಿಯ ಪ್ರಕರಣ

ಸವಣೂರು ಕಡೆಯ ಹುಡುಗಿ. ಸಲ್ಮಾ ಅನ್ನೋಣ, ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ತಂದೆಗೆ ವೀಳ್ಯದೆಲೆ ವ್ಯಾಪಾರ. ಪಿಯುಸಿ ಮುಗಿಸಿ ಹೊರರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅರೇಬಿಕ್ ಬಿ.ಎ.ಗೆ ಸೇರಿದ್ದಳು. ರಜೆಗೆ ಬಂದವಳು ವಾಪಸ್ ಹೋಗಲ್ಲ ಅಂತ ಕೂತುಬಿಟ್ಟಾಗ ತಾಯಿ ಅವಳನ್ನು ಹುಬ್ಬಳ್ಳಿಗೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದರು. "ಅಕ್ಕೋರೆ, ಬಂದಾಗಿಂದ ಸರಿ ಉಣ್ಣವಲ್ಲಳು, ನಿದ್ದೀನೂ ಇಲ್ಲ."

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ವಿಷಯ ಬಾಯಿಗೆ ಬಂತು. ಊರಿನ ಮಾಮು ಒಬ್ಬರು ಮಗನಿಗೆ ರಿಯಾದ್‌ನಿಂದ ಬಂದಿದ್ದ ಕೆಲಸದ ಕರಾರುಪತ್ರ ತಂದು, ಇದರಾಗ ಏನೈತಿ ಓದಿ ಹೇಳು ಅಂದಿದ್ದರು. ಅವಳು ಎರಡನೇ ಸಾಲಿಗೇ ತಡವರಿಸಿದಳು. "ಸಣ್ಣಾಕಿ ಇದ್ದಾಗ ಕುರಾನ್ ಪಟಪಟ ಓದಾಕಿ, ಕಾಲೇಜಿಗೆ ಹೋಗಿ ಮರೆತು ಬಂದಾಳ" ಅಂತ ಮಾಮು ನಕ್ಕರು. ತರಗತಿಯಲ್ಲೂ ಇದೇ ಕಥೆ. ಇವಳಿಗೆ ಬರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು, ಹಾಗಾಗಿ ಇವಳು ಕೈ ಎತ್ತಿ ಏನನ್ನೂ ಕೇಳಲೇ ಇಲ್ಲ. ಹೊಸದಾಗಿ ಅಕ್ಷರ ಕಲಿತ ಹುಡುಗರು ಮುಂದೆ ಹೋದರು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ, "ಈಗ ಕುರಾನ್ ಓದುವಾಗಲೂ ವ್ಯಾಕರಣವೇ ಕಣ್ಣಿಗೆ ಬೀಳುತ್ತೆ ಮೇಡಂ, ನನಗೆ ಅದೂ ಹೋಯ್ತು" ಅಂದಳು. ಅವಳು ಅತ್ತಿದ್ದು ಇದಕ್ಕೆ, ಮಾರ್ಕ್ಸಿಗಲ್ಲ.

ಸುಮ್ನೆ ಧೈರ್ಯ ಹೇಳಿದರೆ ಪ್ರಯೋಜನ ಇರಲಿಲ್ಲ. ಯಾಕೆ ತಡವರಿಸುತ್ತಿದ್ದಾಳೆ ಅಂತ ಅವಳಿಗೇ ಸ್ಪಷ್ಟವಾಗಬೇಕಿತ್ತು. ಕುರಾನ್ ಮುದ್ರಣದಲ್ಲಿ ಜೇರ್, ಜಬರ್, ಪೇಶ್ ಅನ್ನುವ ಸ್ವರ ಚಿಹ್ನೆಗಳನ್ನೆಲ್ಲ ಹಾಕಿರುತ್ತಾರೆ, ಅರ್ಥ ಗೊತ್ತಿಲ್ಲದಿದ್ದರೂ ಓದಬಹುದು. ಪತ್ರಿಕೆ, ಕಾದಂಬರಿ, ಕರಾರುಪತ್ರಗಳಲ್ಲಿ ಸಾಮಾನ್ಯವಾಗಿ ಅವು ಇರಲ್ಲ. ಗುಣಿತವನ್ನೆಲ್ಲ ಅಳಿಸಿದ ಕನ್ನಡ ಪೇಪರ್ ಕೈಗೆ ಕೊಟ್ಟ ಹಾಗೆ. ಕ, ತ, ಬ ಅಂತ ಮೂರು ವ್ಯಂಜನ ಕಂಡರೆ ಅದು 'ಬರೆದನು' ಇರಬಹುದು, 'ಪುಸ್ತಕಗಳು' ಕೂಡ ಇರಬಹುದು, ಅಂದರೆ ಮೊದಲು ಅರ್ಥ ಆಗಬೇಕು, ಆಮೇಲೇ ಸರಿಯಾಗಿ ಓದೋಕೆ ಆಗೋದು. ಇದು ಬೇರೆಯೇ ವಿದ್ಯೆ, ಅವಳು ಅದನ್ನು ಮರೆತಿರಲಿಲ್ಲ, ಇನ್ನೂ ಕಲಿತೇ ಇರಲಿಲ್ಲ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಇಂಗ್ಲಿಷ್ ಮಾತೃಭಾಷೆಯ ಅಧಿಕಾರಿಗಳಿಗೆ ಅರೇಬಿಕ್ ಕಲಿಸೋಕೆ 88 ವಾರ, 2200 ಗಂಟೆ ಪಾಠ ಬೇಕು ಅಂತ ಲೆಕ್ಕ ಹಾಕುತ್ತೆ. ಉರ್ದು ಮಾತಾಡುವ ಮನೆಯವಳಿಗೆ ಲಿಪಿ, ಒಂದಷ್ಟು ಪದಗಳು ಮೊದಲೇ ಪರಿಚಯ, ಆದರೂ ದಾರಿ ಉದ್ದವೇ. ಆ ಲೆಕ್ಕ ಕೇಳಿ ಮೊದಲ ಸಲ ನಕ್ಕಳು.

ಸಲಹೆ ಇಷ್ಟು. ವಾಪಸ್ ಹೋದ ವಾರವೇ ಅಧ್ಯಾಪಕರ ಹತ್ತಿರ "ನನಗೆ ಓದೋಕೆ ಬರುತ್ತೆ, ಅರ್ಥ ಆಗಲ್ಲ" ಅಂತ ಬಾಯಿಬಿಟ್ಟು ಹೇಳಬೇಕು. ಇದೇ ಕಷ್ಟದ್ದು, ಅದಕ್ಕೇ ನನ್ನೆದುರಿಗೆ ಹೇಳಿಸಿ ಅಭ್ಯಾಸ ಮಾಡಿಸಿದೆ. ದಿನಾ ಪತ್ರಿಕೆಯ ಒಂದು ಪ್ಯಾರಾಕ್ಕೆ ಪೆನ್ಸಿಲ್‌ನಲ್ಲಿ ಜೇರ್ ಜಬರ್ ಹಾಕಿ ಗೆಳತಿಯ ಹತ್ತಿರ ತಿದ್ದಿಸಿಕೊಳ್ಳಬೇಕು. ಮನೆಯ ಕುರಾನ್ ಪಠಣದ ಹೊತ್ತಿನಲ್ಲಿ ನೋಟ್ಸ್, ಪೆನ್ಸಿಲ್ ಹತ್ತಿರ ಇಡಬಾರದು, ವ್ಯಾಕರಣ ನೆನಪಾದರೆ ಆಗಲಿ, ಅದಕ್ಕೆ ತನ್ನನ್ನು ತಾನು ಬೈದುಕೊಳ್ಳೋದು ಬೇಡ. ಕಾಗದ ತರುವ ನೆಂಟರಿಗೆ "ಇಟ್ಟು ಹೋಗಿ, ನೋಡಿ ಹೇಳ್ತೀನಿ" ಅಂದರೆ ಸಾಕು.

ತಂದೆ ಫೋನಿನಲ್ಲಿ ಕೇಳಿದ್ದು ಒಂದೇ, ಇದರಿಂದ ಕೆಲಸ ಸಿಗುತ್ತಾ? ಅಲ್ಲಿ ನಾನು ಸಕ್ಕರೆ ಸುರಿಯಲಿಲ್ಲ. ಬರೀ ಡಿಗ್ರಿಯಿಂದ ಕಷ್ಟ. ಅನುವಾದ, ಅರಬ್ ರೋಗಿಗಳು ಬರುವ ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಭಾಷಿ ಕೆಲಸ, ಎಂ.ಎ. ಮುಗಿಸಿದರೆ ಅರೇಬಿಕ್‌ನಲ್ಲೇ ನೆಟ್ ಪರೀಕ್ಷೆ ಬರೆದು ಅಧ್ಯಾಪಕಿಯಾಗುವ ದಾರಿ, ಇಷ್ಟಿದೆ. ಆಸ್ಪತ್ರೆಗೆ ಪುಸ್ತಕದ ಅರೇಬಿಕ್ ಸಾಲದು, ಆಡುಮಾತು ಒಂದೊಂದು ದೇಶಕ್ಕೆ ಒಂದೊಂದು ಥರ, ಒಂದನ್ನಾದರೂ ಚೆನ್ನಾಗಿ ಕಲಿಯಬೇಕು. ಅವರು "ಓದಲಿ ಬಿಡ್ರಿ" ಅಂದರು.

ನಿದ್ದೆ, ಊಟ ಎರಡು ವಾರದಲ್ಲಿ ಸರಿಹೋಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ವೈದ್ಯರನ್ನು ನೋಡಬೇಕು ಅಂತ ತಾಯಿಗೆ ಹೇಳಿ, ಹಾಸ್ಟೆಲ್‌ನಲ್ಲಿ ರಾತ್ರಿ ತೀರಾ ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416 ಅನ್ನು ಹುಡುಗಿಯ ಮೊಬೈಲ್‌ಗೆ ಹಾಕಿಸಿ ಕಳಿಸಿದೆ.